‘ರೇಟು ಬಿತ್ತು’, ‘ರೇಟು ಕೆಡವಿದರು’: ಹಾವೇರಿ ಸೀಮೆಯ ಅಪರಿಚಿತರ ವಾಗ್ವಾದದಲ್ಲಿ ಕರ್ತೃ ಮತ್ತು ಅರಿವಿನ ಆಧಾರ

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಹಠಾತ್ತನೆ ಇಳಿಯಿತು. ರೊಚ್ಚಿಗೆದ್ದ ರೈತರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಇಂಥ ದಿನದ ಬಗ್ಗೆ ಆ ಸೀಮೆಯ ಜನ ಆಡುವ ಮಾತು ಕೊನೆಗೆ ಎರಡು ವಾಕ್ಯಗಳ ಸುತ್ತ ತಿರುಗುತ್ತದೆ:

(1) ರೇಟ್ ಬಿತ್ತು.
(2) ರೇಟ್ ಕೆಡವಿದ್ರು.

ಎರಡೂ ವಾಕ್ಯಗಳು ವರ್ಣಿಸುವ ಘಟನೆ ಒಂದೇ. ಮೊದಲನೆಯದನ್ನು ಒಪ್ಪಿದವನಿಗೆ ಯಾರನ್ನೂ ಕೇಳಬೇಕಾದ ಪ್ರಶ್ನೆ ಉಳಿಯುವುದಿಲ್ಲ. ಎರಡನೆಯದನ್ನು ಒಪ್ಪಿದವನಿಗೆ ಉತ್ತರ ಕೊಡಬೇಕಾದವರು ಎಲ್ಲೋ ಇದ್ದಾರೆ. ತಂತ್ರಜ್ಞಾನ, ಸರ್ಕಾರ ಮತ್ತು ಸ್ವಂತ ನಷ್ಟ ಒಂದೇ ಮಾತಿನಲ್ಲಿ ಸೇರಿದಾಗ ಅಪರಿಚಿತರಿಬ್ಬರು ವಾದಿಸುವುದು ಬಹುಮಟ್ಟಿಗೆ ಎರಡು ಸಂಗತಿಗಳ ಬಗ್ಗೆ: ಮಾಡಿದವರು ಯಾರು, ಮತ್ತು ಅದನ್ನು ಹೇಳುವ ಅಧಿಕಾರ ಯಾರದು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಆಡುಗನ್ನಡದಲ್ಲಿ ಈ ಎರಡಕ್ಕೂ ವ್ಯಾಕರಣವೇ ಸಾಧನಗಳನ್ನು ಒದಗಿಸಿದೆ. ಅವು ಯಾವುವು, ಹೇಗೆ ಕೆಲಸ ಮಾಡುತ್ತವೆ, ಅದೇ ಮಾತು ಅರ್ಜಿಯ ಕನ್ನಡಕ್ಕೆ ಇಳಿದಾಗ ಅವುಗಳಲ್ಲಿ ಯಾವುದು ಕಳಚಿಹೋಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹುಬ್ಬಳ್ಳಿ–ದಾವಣಗೆರೆ ರೈಲುದಾರಿಯ ಮೇಲೆ ಒಂದರ ನಂತರ ಒಂದು ಬರುವ ಈ ಮೂರು ಊರುಗಳು ಭಾಷಿಕವಾಗಿ ಧಾರವಾಡದ ಕನ್ನಡಕ್ಕೂ ದಾವಣಗೆರೆ ಕಡೆಯ ಕನ್ನಡಕ್ಕೂ ನಡುವಿನ ಪಟ್ಟಿ. ಇಲ್ಲಿನ ಉದಾಹರಣೆಗಳು ಆ ಪಟ್ಟಿಯ ಆಡುಮಾತಿನ ಮಾದರಿಯಲ್ಲಿ ನಾವು ರಚಿಸಿದವು. ನಿರ್ದಿಷ್ಟ ವ್ಯಕ್ತಿಗಳ ಧ್ವನಿಮುದ್ರಿತ ಮಾತುಗಳಲ್ಲ. ಯಾವುದು ವ್ಯಾಕರಣಬದ್ಧ, ಯಾವುದು ಅಲ್ಲ ಎಂಬ ನಿರ್ಣಯವೂ ನಮ್ಮದೇ.

ಬೀಳು ಮತ್ತು ಕೆಡವು

ಬೀಳು ಎಂಬ ಅಕರ್ಮಕ ಧಾತುವಿಗೆ ರೂಪದ ದೃಷ್ಟಿಯಿಂದ ಸಹಜವಾದ ಪ್ರೇರಣಾರ್ಥಕ ಬೀಳಿಸು. ಆದರೆ (2)ರಲ್ಲಿ ಅದು ಬಂದಿಲ್ಲ. ಬಂದಿರುವುದು ಕೆಡವು, ‘ಬೀಳು’ ಎಂಬ ಅರ್ಥದ ಹಳೆಯ ಕೆಡೆ ಧಾತುವಿನ ಸಕರ್ಮಕ ರೂಪ. ಕೆಡೆ ಇಂದಿನ ಆಡುಮಾತಿನಿಂದ ಬಹುತೇಕ ಮರೆಯಾಗಿದ್ದು, ಅದರ ಸಕರ್ಮಕ ಸಂಗಾತಿ ಮಾತ್ರ ಉಳಿದುಕೊಂಡಿದೆ. ಬೀಳಿಸು ಮತ್ತು ಕೆಡವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಪದಗಳಲ್ಲ. ಕೈಜಾರಿದ ಲೋಟವನ್ನು ಮಗು ‘ಬೀಳಿಸಿತು’ ಎನ್ನಬಹುದು; ‘ಕೆಡವಿತು’ ಎಂದರೆ ಬೇಕೆಂದೇ ಮಾಡಿದ ಧ್ವನಿ ಬರುತ್ತದೆ. ಹಳೇ ಮನೆಯನ್ನು, ಗೋಡೆಯನ್ನು, ಕುಸ್ತಿಯ ಎದುರಾಳಿಯನ್ನು ಕೆಡವುತ್ತಾರೆ. ಕೆಡವುವುದಕ್ಕೆ ಬಲ ಬೇಕು, ಉದ್ದೇಶ ಬೇಕು, ಮೊದಲು ನಿಂತಿದ್ದ ಒಂದು ವಸ್ತುವೂ ಬೇಕು. ‘ರೇಟ್ ಕೆಡವಿದ್ರು’ ಎನ್ನುವವನು ಬೆಲೆಯನ್ನು ನಿಂತಿದ್ದ ಗೋಡೆಯಂತೆ ಕಾಣುತ್ತಾನೆ. ಇವೆರಡರ ನಡುವೆ ವ್ಯಾಪಾರದ ತಟಸ್ಥ ಮಾತೊಂದಿದೆ, ‘ರೇಟ್ ಇಳಿಸಿದ್ರು’. ಅದನ್ನು ದಲಾಲರೂ ಖರೀದಿದಾರರೂ ಸಂಕೋಚವಿಲ್ಲದೆ ಆಡಬಲ್ಲರು.

(2)ರಲ್ಲಿ ಕರ್ತೃಪದವಿಲ್ಲ ಎಂಬುದೂ ಮುಖ್ಯ. ಕ್ರಿಯಾಪದದ ಬಹುವಚನ ಪ್ರತ್ಯಯವು ಕರ್ತೃ ಮನುಷ್ಯರೆಂದು, ಒಬ್ಬರಿಗಿಂತ ಹೆಚ್ಚೆಂದು ಹೇಳಿ ಸುಮ್ಮನಾಗುತ್ತದೆ. ಕನ್ನಡ ಮಕ್ಕಳ ಮೇಲೆ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮೂರು ವರ್ಷದ ಮಕ್ಕಳು ವಾಕ್ಯದಲ್ಲಿ ಪ್ರೇರಣೆ ಇದೆಯೇ ಎಂಬುದನ್ನು ‘-ಇಸು’ ಪ್ರತ್ಯಯದಿಂದಲ್ಲ, ನಾಮಪದಗಳ ಸಂಖ್ಯೆಯಿಂದ ನಿರ್ಧರಿಸುತ್ತಾರೆ ಎಂಬುದು ಅದರ ಫಲಿತಾಂಶ. ಮಾರುಕಟ್ಟೆಯ ವಯಸ್ಕರ ಸ್ಥಿತಿ ಇದಕ್ಕೆ ತದ್ವಿರುದ್ಧ. ನಾಮಪದ ಒಂದೇ ಇದೆ. ಕೇಡಿನ ಭಾರವನ್ನೆಲ್ಲ ಧಾತುವಿನ ಆಯ್ಕೆ ಹೊತ್ತಿದೆ. ಆದ್ದರಿಂದಲೇ ಇಂಥ ವಾದದಲ್ಲಿ ಎದುರಾಡುವವನ ಮೊದಲ ಪ್ರಶ್ನೆ ‘ಯಾರ್ ಕೆಡವಿದ್ರು, ಹೆಸರ ಹೇಳ್ರಿ’ ಎಂದಿರುತ್ತದೆ. ಆತ ಕೇಳುತ್ತಿರುವುದು ಖಾಲಿ ಬಿಟ್ಟ ಕರ್ತೃಸ್ಥಾನವನ್ನು ತುಂಬಲು.

ಬೀಳು ಧಾತುವಿಗೆ ಇನ್ನೊಂದು ಮುಖವಿದೆ. ನೇರ ನಗದು ವರ್ಗಾವಣೆಯ ಕಾಲದಲ್ಲಿ ಸರ್ಕಾರದ ಹಣವೂ ಬೀಳುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯ ಬಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರು ಪರಸ್ಪರ ಕೇಳುವ ಪ್ರಶ್ನೆ ಇದು:

(3) ಈ ತಿಂಗಳದ್ದು ನಿಮಗ ಬಿತ್ತೇನ್ರಿ?

ಬೆಲೆ ಬಿದ್ದರೆ ನಷ್ಟ, ರೊಕ್ಕ ಬಿದ್ದರೆ ಲಾಭ, ಮಳೆಯೂ ಬೀಳುತ್ತದೆ. ಮೂರರಲ್ಲೂ ಸುರಿಯುವ ಕೈ ಕಾಣುವುದಿಲ್ಲ. ‘ಸರ್ಕಾರ ರೊಕ್ಕ ಹಾಕೈತಿ’ ಎಂಬ ವಾಕ್ಯವೂ ಇದೆ. ಅದು ಪಕ್ಷವೊಂದರ ಪರವಾಗಿ ಮಾತನಾಡುವವರ ಬಾಯಲ್ಲಿ ಹೆಚ್ಚು. ಉಳಿದವರಿಗೆ ಅದು ಬೀಳುವ ರೊಕ್ಕ ಅಥವಾ ಬೀಳದ ರೊಕ್ಕ.

ಸರ್ಕಾರ, ಸರ್ಕಾರದವರು, ಮತ್ತು ಒಲ್ಲದ ಯಂತ್ರ

ಸರ್ಕಾರ ಎಂಬ ಪದ ನಪುಂಸಕಲಿಂಗ. ‘ಸರ್ಕಾರ ಮಾಡೈತಿ’ ಎನ್ನುತ್ತೇವೆ. ಆದರೆ ಸಿಟ್ಟು ಏರಿದಂತೆ ಇದು ‘ಸರ್ಕಾರದವರು ಮಾಡ್ಯಾರ’ ಎಂದಾಗುತ್ತದೆ. ಷಷ್ಠಿಯ ಮೇಲೆ ‘-ಅವರು’ ಸೇರಿಸಿದ ಮಾತ್ರಕ್ಕೆ ಸಂಸ್ಥೆ ಜನರಾಗುತ್ತದೆ: ಬ್ಯಾಂಕಿನವರು, ಕಂಪನಿಯವರು, ಇನ್ಶೂರೆನ್ಸಿನವರು. ಕನ್ನಡದ ಎಲ್ಲ ಪ್ರಭೇದಗಳಲ್ಲೂ ಇರುವ ಸಾಮಾನ್ಯ ರಚನೆ ಇದು, ಅದಕ್ಕಾಗಿಯೇ ನಮ್ಮ ವ್ಯಾಕರಣಗಳು ಇದರ ಮುಂದೆ ಹೆಚ್ಚು ಹೊತ್ತು ನಿಂತಿಲ್ಲ. ವಾಗ್ವಾದದಲ್ಲಿ ಇದರ ಕೆಲಸ ದೊಡ್ಡದು: ಹೊಣೆ ಹೊರಿಸಬೇಕಾದರೆ ಮೊದಲು ಮನುಷ್ಯರು ಬೇಕು, ಈ ಪ್ರತ್ಯಯ ಅವರನ್ನು ತಂದುಕೊಡುತ್ತದೆ. ಕೌಂಟರಿನ ಒಳಗೆ ಕುಳಿತವರ ವ್ಯಾಕರಣ ಇದರ ವಿರುದ್ಧ ದಿಕ್ಕಿನದು. ‘ಮ್ಯಾಲಿಂದ ಬಂದಿಲ್ರಿ’ ಎಂಬ ಅವರ ಉತ್ತರದಲ್ಲಿ ಇರುವುದು ಪಂಚಮಿ ಮಾತ್ರ. ಎಲ್ಲಿಂದ ಎಂಬುದಿದೆ, ಯಾರಿಂದ ಎಂಬುದಿಲ್ಲ.

ಯಂತ್ರದ ಸ್ಥಾನ ಇವೆರಡಕ್ಕೂ ಭಿನ್ನ. ಪಡಿತರ ಅಂಗಡಿಯಲ್ಲಿ ಹೆಬ್ಬೆರಳ ಗುರುತು ಹೊಂದದಿದ್ದಾಗ ಈ ಸೀಮೆಯಲ್ಲಿ ಕೇಳಿಬರುವುದು ಇಂಥ ಮಾತು:

(4) ಮಷೀನ್ ಹೆಬ್ಬೆಟ್ಟು ತೊಗೊಳ್ಳವಲ್ದ್ರಿ.

ದಕ್ಷಿಣದ ಕನ್ನಡದಲ್ಲಿ ‘ತಗೋತಾ ಇಲ್ಲ’ ಎನ್ನುವಲ್ಲಿ ಇಲ್ಲಿ ‘-ಒಲ್ಲ’ ಬಂದಿದೆ. ಇದರ ಮೂಲ ‘ಒಲ್ಲೆ, ಒಲ್ಲ, ಒಲ್ಲದು’ ಎಂಬ ಬೇಡವೆನ್ನುವ ಕ್ರಿಯಾಪದ. ಒಲಿಯದಿರುವುದು ಎಂಬುದು ಅದರ ಬೇರಿನ ಅರ್ಥ. ಉತ್ತರದ ಪ್ರಭೇದಗಳಲ್ಲಿ ಅದು ಸವೆದು ವರ್ತಮಾನದ ನಿಷೇಧ ಪ್ರತ್ಯಯವಾಗಿದೆ. ‘ಮಳಿ ಬರವಲ್ದು’ ಎನ್ನುವವನು ಮಳೆಗೆ ಮನಸ್ಸಿದೆ ಎಂದೇನೂ ವಾದಿಸುತ್ತಿಲ್ಲ. ಹಾಗಿದ್ದರೂ ಇಚ್ಛೆಯ ಅರ್ಥ ಪೂರ್ತಿ ಸತ್ತಿಲ್ಲವೆಂದು ನಮಗನಿಸುತ್ತದೆ. ‘ಸಾಹೇಬ್ರು ಕೇಳವಲ್ರು’ ಎಂಬಲ್ಲಿ ಅದು ಸ್ಪಷ್ಟವಾಗಿ ಜೀವಂತ: ಅವರು ಕೇಳಲು ಸಿದ್ಧರಿಲ್ಲ. ಅದೇ ಪ್ರತ್ಯಯ ಯಂತ್ರದ ಮೇಲೆ ಬಂದಾಗ ಯಂತ್ರ ಮಳೆಯ ಸಾಲಿಗೆ ಸೇರಿತೋ ಸಾಹೇಬರ ಸಾಲಿಗೆ ಸೇರಿತೋ ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಅಂಗಡಿಯವನು ಅದನ್ನು ಮಳೆಯಂತೆ ಹೇಳುತ್ತಾನೆ; ಪಾಳಿಯಲ್ಲಿ ನಿಂತ ಮುದುಕಿ ಸಾಹೇಬರಂತೆ ಕೇಳಿಸಿಕೊಳ್ಳುತ್ತಾಳೆ. ಜಗಳ ಹುಟ್ಟುವುದು ಈ ಅಂತರದಲ್ಲಿ.

ಯಂತ್ರವು ಕರ್ತೃವಾಗಬಲ್ಲ ಧಾತುಗಳನ್ನು ಜೋಡಿಸಿ ನೋಡಿದರೆ ಒಂದು ಮಿತಿ ಕಾಣುತ್ತದೆ. ಕಂಪ್ಯೂಟರ್ ತೋರಸ್ತೈತಿ, ಹೇಳತೈತಿ, ತೊಗೊಳ್ಳವಲ್ದು, ಬಿಡವಲ್ದು: ಇವೆಲ್ಲ ಸಹಜ. ‘ಕಂಪ್ಯೂಟರ್ ರೇಟ್ ಕೆಡವೈತಿ’ ಎಂಬುದು ಸಹಜವಲ್ಲ. ಯಾರಾದರೂ ಅಂದರೆ ಅದು ವ್ಯಂಗ್ಯವಾಗುತ್ತದೆ. ಯಂತ್ರ ನಿರಾಕರಿಸಬಲ್ಲದು, ಸಾಕ್ಷಿ ಹೇಳಬಲ್ಲದು. ಹಾನಿ ಮಾಡಿದ ಕೈ ಅದರದ್ದೆಂದು ಈ ವ್ಯಾಕರಣ ಒಪ್ಪುವುದಿಲ್ಲ. ಏಕೀಕೃತ ಮಾರುಕಟ್ಟೆ ವೇದಿಕೆಯ ಹೆಸರಿನಲ್ಲಿ ಕರ್ನಾಟಕದ ಮಾರುಕಟ್ಟೆಗಳಿಗೆ 2014ರಿಂದ ಇ-ಟೆಂಡರ್ ಬಂತು. ಚೀಟಿ ಬರೆದು ಹಾಕುತ್ತಿದ್ದ ಕಾಲದಲ್ಲಿ ಬೆಲೆ ಬರೆದ ಕೈ ಕಣ್ಣಿಗೆ ಕಾಣುತ್ತಿತ್ತು. ಈಗ ರೈತನ ಲಾಟಿನ ಮುಂದೆ ಖರೀದಿದಾರ ಕಾಯಿ ಮುರಿದು, ಬಣ್ಣ ಮತ್ತು ತೇವ ನೋಡಿ ಹೋಗುತ್ತಾನೆ. ಬೆಲೆ ಪರದೆಯ ಮೇಲೆ ಬರುತ್ತದೆ. ತಂತ್ರಜ್ಞಾನದ ಪರವಾಗಿ ವಾದಿಸುವವರು ‘ಕಂಪ್ಯೂಟರ್‌ನ್ಯಾಗ ಮೋಸ ಇಲ್ಲ’ ಎಂದಾಗ ಎದುರಿನವರು ಒಪ್ಪಿಕೊಂಡೇ ‘ಕೆಡವಿದ್ರು’ ಎನ್ನುವುದು ಸಾಧ್ಯವಾಗುವುದು ಇದರಿಂದ. ಇದು ವಿರೋಧಾಭಾಸವಲ್ಲ. ಅವರ ವ್ಯಾಕರಣದಲ್ಲಿ ಪರದೆಯ ಹಿಂದೆ ಮನುಷ್ಯರ ಬಹುವಚನ ಇನ್ನೂ ಇದೆ.

‘ರಿ’ ಇರುವವರೆಗೆ

ಅಪರಿಚಿತರು ಇಷ್ಟು ಕಠಿಣವಾದ ಮಾತನ್ನು ಹೇಗೆ ಆಡಬಲ್ಲರು? ಈ ಸೀಮೆಯಲ್ಲಿ ‘-ರಿ’ ಎಂಬ ಪ್ರತ್ಯಯ ಮಧ್ಯಮಪುರುಷ ಕ್ರಿಯಾಪದಕ್ಕೆ ಸೀಮಿತವಲ್ಲ. ಹೌದ್ರಿ, ಇಲ್ರಿ, ಬಂದಾನ್ರಿ, ಬಿತ್ರಿ: ವಾಕ್ಯದ ಕರ್ತೃ ಯಾರೇ ಆಗಿರಲಿ, ಗೌರವ ಸಲ್ಲುವುದು ಕೇಳುಗನಿಗೆ. ತಮಿಳಿನ ‘-ಂಗ’ ಕುರಿತು, ಬಾಸ್ಕ್ ಭಾಷೆಯ ಕ್ರಿಯಾರೂಪಗಳ ಕುರಿತು ನಡೆದಿರುವ ಸಂಬೋಧ್ಯ-ಅನ್ವಯದ ಚರ್ಚೆಗೆ ಉತ್ತರ ಕರ್ನಾಟಕದ ‘-ರಿ’ ಸೇರಬೇಕಾದ ಸಾಮಗ್ರಿ.

(5) ಸರ್ಕಾರ ಸತ್ತೈತ್ರಿ.

ಇಲ್ಲಿ ಕರ್ತೃವಿಗೆ ಶಾಪ, ಕೇಳುಗನಿಗೆ ಮರ್ಯಾದೆ. ಎರಡೂ ಒಂದೇ ಕ್ರಿಯಾಪದದಲ್ಲಿ. ಇದರ ಜೊತೆಗೆ ಸಂಬೋಧನೆಗಳಿವೆ: ವಯಸ್ಸಾದವರಿಗೆ ಯಜಮಾನ್ರ, ಕಾಕಾರ, ಸಮವಯಸ್ಕರಿಗೆ ಅಣ್ಣಾರ, ಅಕ್ಕಾರ, ಅಡತಿ ಅಂಗಡಿಯವರಿಗೆ ಸಾವ್ಕಾರ್ರ, ಕಚೇರಿಯಲ್ಲಿ ಸರ. ಜಗಳ ಕೈಮೀರುವ ಮುನ್ಸೂಚನೆ ಸರ್ವನಾಮದಲ್ಲಿ ಅಲ್ಲ, ‘-ರಿ’ಯಲ್ಲಿ ಮೊದಲು ಕಾಣುತ್ತದೆಂದು ನಮ್ಮ ಅಂದಾಜು. ‘ಇಲ್ರಿ’ ಎಂಬುದು ‘ಇಲ್ಲ’ ಆಗುತ್ತದೆ, ಸಂಬೋಧನೆ ನಿಲ್ಲುತ್ತದೆ, ಆಮೇಲೆ ‘ನೀ’ ಬರುತ್ತದೆ. ‘ನೀ’ ಬಂದ ಕ್ಷಣ ವಾದದ ವಿಷಯವೇ ಬದಲಾಗುತ್ತದೆ:

(6) ಏಕವಚನದಾಗ ಮಾತಾಡಬ್ಯಾಡ್ರಿ.

ಶಾಲೆಯ ವ್ಯಾಕರಣ ಪಾಠದ ಪಾರಿಭಾಷಿಕ ಪದವೊಂದು ಬೀದಿಜಗಳದಲ್ಲಿ ಹೀಗೆ ಬಳಕೆಯಾಗುವುದನ್ನು ಕಂಡು ವ್ಯಾಕರಣ ಕಲಿಸುವ ನಮಗೆ ಸಂತೋಷವಾಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ‘ಏಕವಚನದಲ್ಲಿ ನಿಂದಿಸಿದರು’ ಎಂಬುದು ಪತ್ರಿಕೆಯ ಸುದ್ದಿಯಲ್ಲೂ ಸಾಮಾನ್ಯ ಪದಗುಚ್ಛ. ಗಮನಿಸಬೇಕಾದದ್ದು (6)ರ ಕೊನೆ: ಪ್ರತಿಭಟಿಸುವವನು ತನ್ನ ‘-ರಿ’ಯನ್ನು ಬಿಟ್ಟುಕೊಟ್ಟಿಲ್ಲ.

ನಮ್ಮ ಹೊಲದಾಗ ಹತ್ತಿ ಐತಂತ

ಸ್ವಂತ ನಷ್ಟದ ಮಾತು ವಾದವನ್ನು ಬೇರೆ ಮಟ್ಟಕ್ಕೆ ಒಯ್ಯುತ್ತದೆ. ಲೆಬಾವ್ ಮತ್ತು ಫ್ಯಾನ್ಷೆಲ್ 1977ರ ತಮ್ಮ ಪುಸ್ತಕದಲ್ಲಿ ಒಂದು ಸರಳ ಭೇದವನ್ನು ಮಾಡಿದರು: ಮಾತುಗಾರನಿಗೆ ಮಾತ್ರ ಗೊತ್ತಿರುವ ಘಟನೆಗಳು, ಕೇಳುಗನಿಗೆ ಮಾತ್ರ ಗೊತ್ತಿರುವ ಘಟನೆಗಳು, ಇಬ್ಬರಿಗೂ ಗೊತ್ತಿರುವ ಘಟನೆಗಳು, ಎಲ್ಲಕ್ಕಿಂತ ಮುಖ್ಯವಾಗಿ ವಿವಾದಾಸ್ಪದ ಘಟನೆಗಳು. ಬೆಲೆ ಏಕೆ ಬಿತ್ತು ಎಂಬುದು ವಿವಾದಾಸ್ಪದ. ‘ನನಗ ಎರಡ ಲಕ್ಷ ಲುಕ್ಸಾನ ಆಗೈತಿ’ ಎಂಬುದು ಮಾತುಗಾರನದು. ಅಪರಿಚಿತ ಅದನ್ನು ಅಲ್ಲಗಳೆಯಲಾರ. ಆತ ‘ಹಸಿ ಮಾಲ ತಂದ್ರ ಹಂಗ’ ಎನ್ನಬಹುದು, ‘ಆಗಿಲ್ಲ’ ಎನ್ನಲಾರ.

ಕನ್ನಡದಲ್ಲಿ ಈ ಗಡಿಯನ್ನು ಕಾಯುವ ಒಂದು ಪ್ರತ್ಯಯವಿದೆ. ಕೇಳಿ ತಿಳಿದದ್ದನ್ನು ಸೂಚಿಸುವ ‘ಅಂತೆ’. ಇಲ್ಲಿನ ಉಚ್ಚಾರಣೆಯಲ್ಲಿ ‘ಅಂತ’, ಹಾಗಾಗಿ ಉದ್ಧರಣೆಯ ‘ಅಂತ’ಕ್ಕೂ ಇದಕ್ಕೂ ಧ್ವನಿಭೇದವಿಲ್ಲ. ‘ಟೆಂಡರ್ ಬಂದ್ ಮಾಡ್ಯಾರಂತ’ ಎಂದವನು ತಾನು ಕಂಡಿಲ್ಲವೆಂದು ಒಪ್ಪಿಕೊಂಡಿದ್ದಾನೆ. ತನ್ನದೇ ಅನುಭವದ ಮೇಲೆ ಇದನ್ನು ಹಚ್ಚುವಂತಿಲ್ಲ: ‘ನನಗ ಹಸಿವ ಆಗೈತಂತ’ ಎಂಬುದು ಕೆಟ್ಟ ಕನ್ನಡ. ವ್ಯಾಕರಣ ಪುಸ್ತಕಗಳಲ್ಲಿ ಈ ನಿಷೇಧಕ್ಕೆ ಸಾಮಾನ್ಯವಾಗಿ ಕೊಡುವ ವಿನಾಯಿತಿಗಳು ಎಚ್ಚರ ತಪ್ಪಿದಾಗಿನವು: ನಿದ್ದೆಯಲ್ಲಿ ಮಾತಾಡಿದೆನಂತೆ, ಹುಟ್ಟಿದಾಗ ಬಹಳ ಅತ್ತೆನಂತೆ. ಈಗ ಹೊಸದೊಂದು ವಿನಾಯಿತಿ ಸೇರಿದೆ.

ಕರ್ನಾಟಕದಲ್ಲಿ ಪ್ರತಿ ಹಂಗಾಮಿನಲ್ಲೂ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ನಡೆಯುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಚಿತ್ರಸಹಿತ ದಾಖಲಿಸಲಾಗುತ್ತದೆ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರ ತಿರಸ್ಕೃತವಾಗುತ್ತದೆ. ರಾಣೇಬೆನ್ನೂರು ಕಡೆಯ ರೈತನೊಬ್ಬ ಗೋವಿನಜೋಳ ಬಿತ್ತಿ, ಗೋವಿನಜೋಳಕ್ಕೆ ವಿಮೆ ಕಟ್ಟಿ, ಮಳೆ ಕೈಕೊಟ್ಟು, ಕಚೇರಿಗೆ ಬಂದನೆಂದುಕೊಳ್ಳಿ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ ಅಪರಿಚಿತನಿಗೆ ಆತ ಹೇಳುತ್ತಾನೆ:

(7) ನಮ್ಮ ಹೊಲದಾಗ ಹತ್ತಿ ಐತಂತ್ರಿ!

ಐತಿ, ಅಂತ, ರಿ: ಮೂರೂ ಒಂದೇ ಉಸಿರಿನಲ್ಲಿ. ತಾನೇ ಉತ್ತು ಬಿತ್ತಿದ ಹೊಲದ ಬಗ್ಗೆ ಆತ ಕೇಳಿ ತಿಳಿಯಬೇಕಾಗಿದೆ. ಎಚ್ಚರವಿದ್ದೂ, ಕಣ್ಣಾರೆ ಕಂಡೂ ‘ಅಂತ’ ಹಚ್ಚಿದ್ದಾನೆ. ಪಿಂಚಣಿ ನಿಂತ ವೃದ್ಧರೊಬ್ಬರ ‘ನಾ ಸತ್ತೀನಂತ್ರಿ’ ಎಂಬ ಮಾತೂ ಇದೇ ಜಾತಿಯದು. ಇದನ್ನು ಬರಿಯ ವ್ಯಂಗ್ಯವೆಂದು ಬದಿಗಿಡುವುದು ಸರಿಯಲ್ಲ. ವ್ಯಂಗ್ಯವಿದೆ, ಆದರೆ ಅದರ ಕೆಳಗೆ ನಿಖರವಾದ ವಿವರಣೆಯಿದೆ: ಪರಿಹಾರದ ವಿಷಯದಲ್ಲಿ ಪರಿಣಾಮಕಾರಿಯಾದ ಅರಿವು ದಾಖಲೆಯದು, ಕಣ್ಣಿನದಲ್ಲ. (7) ಎರಡು ಅರಿವುಗಳನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಟ್ಟು, ಯಾವುದು ಯಾರದೆಂದು ಗುರುತು ಹಾಕುತ್ತದೆ. ಅರಿವಿನ ಆಧಾರವನ್ನು ಸೂಚಿಸುವ ಪ್ರತ್ಯಯಗಳ ಬಗೆಗಿನ ಚರ್ಚೆಗಳಲ್ಲಿ ಉತ್ತಮಪುರುಷದ ಉದಾಹರಣೆಗಳನ್ನು ಅಪವಾದಗಳ ಪಟ್ಟಿಗೆ ದೂಡುವ ರೂಢಿಯಿದೆ. ಆಡಳಿತ ದಾಖಲೆಗಳ ಈ ಕಾಲದಲ್ಲಿ ಅವು ನಿತ್ಯಬಳಕೆಗೆ ಬಂದಿವೆಯೆಂಬುದು ನಮ್ಮ ವಾದ.

ಕಳೆದುಕೊಂಡವರು

ಹಾವೇರಿಯಲ್ಲಿ 2008ರ ಜೂನ್ 10ರಂದು ರಸಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಈ ವಾಕ್ಯವನ್ನು ನಾವು ಬೇಕೆಂದೇ ಸಕರ್ಮಕವಾಗಿ ಬರೆದಿದ್ದೇವೆ. ಸಾಮಾನ್ಯವಾಗಿ ಓದುವ, ಆಡುವ ರೂಪ ‘ಹಾವೇರಿಯಲ್ಲಿ ಗೋಲಿಬಾರ್ ಆಯಿತು, ಇಬ್ಬರು ರೈತರು ಪ್ರಾಣ ಕಳೆದುಕೊಂಡರು’. ಗೋಲಿಬಾರ್ ಎಂಬ ನಾಮಪದ ‘ಆಗು’ ಧಾತುವಿನೊಡನೆ ಸೇರಿದಾಗ ಮಳೆ, ಜಾತ್ರೆಗಳಂತೆ ತಾನೇ ನಡೆಯುವ ಘಟನೆಯಾಗುತ್ತದೆ. ಎರಡನೆಯ ಭಾಗ ಇನ್ನೂ ವಿಚಿತ್ರ. ‘-ಕೊಳ್ಳು’ ಕನ್ನಡದ ಆತ್ಮಾರ್ಥಕ. ಕೈ ತೊಳೆದುಕೊ, ಕಲಿತುಕೊ, ಕೆಡಿಸಿಕೊ: ಕ್ರಿಯೆಯ ಫಲ ಕರ್ತೃವಿಗೇ ಮರಳುತ್ತದೆ. ‘ಪ್ರಾಣ ಕಳೆದುಕೊಂಡರು’ ಎಂದಾಗ ಸತ್ತವನು ಕರ್ತೃವಾಗುತ್ತಾನೆ. ಗುಂಡಿಗೆ ವಾಕ್ಯದಲ್ಲಿ ಜಾಗವಿಲ್ಲ.

ಈ ‘-ಕೊಳ್ಳು’ ಅಪರಿಚಿತರ ವಾದದಲ್ಲಿ ಹರಿತವಾದ ಆಯುಧ. ತರಕಾರಿ ಮತ್ತು ಹತ್ತಿ ಬೀಜೋತ್ಪಾದನೆಗೆ ಹೆಸರಾದ ರಾಣೇಬೆನ್ನೂರಿನಲ್ಲಿ ಬೀಜ ಮೊಳೆಯದ ಮಾತು ಬಂದಾಗ ಒಬ್ಬರು ‘ಬೀಜ ನಾಟಲಿಲ್ಲ’ ಎಂದರೆ ಇನ್ನೊಬ್ಬರು ‘ನೀರ ಹೆಚ್ಚ ಮಾಡ್ಕೊಂಡೀರಿ’ ಎನ್ನುವರು. ‘ಮಾಡೀರಿ’ ಎಂದಿದ್ದರೆ ಬರೀ ತಪ್ಪು. ‘ಮಾಡ್ಕೊಂಡೀರಿ’ ಎಂದರೆ ನಿಮ್ಮ ಕೇಡು ನಿಮ್ಮಿಂದಲೇ. ಇದೇ ಮಾತನ್ನು ನೋಯಿಸದೆ ಹೇಳಬಯಸುವವರು ‘ನೀರ ಹೆಚ್ಚ ಆಗಿರಬೇಕ್ರಿ’ ಎಂದು ‘ಆಗು’ವಿನ ಮೊರೆಹೋಗುತ್ತಾರೆ. ಸಾಲದ ಮನೆಯೊಂದರ ಸಾವಿನ ಬಗ್ಗೆ ಊರವರಲ್ಲದವರು ‘ಹಂಗ ಮಾಡ್ಕೊಂಡ’ ಎನ್ನುವುದುಂಟು. ಮನೆಯವರು ಆ ಪ್ರತ್ಯಯವನ್ನು ಸತ್ತವನ ಮೇಲಿಂದ ತೆಗೆದು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ:

(8) ನಾವು ಮಗನ್ನ ಕಳಕೊಂಡೀವ್ರಿ.

ಇಂಥ ಸಾವು ಸಾಲದಿಂದಲೇ ಆದದ್ದೇ ಎಂಬುದನ್ನು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ ನಿರ್ಣಯಿಸುತ್ತದೆ. ಪರಿಹಾರ ಅದನ್ನು ಅವಲಂಬಿಸಿದೆ. ಹೇಳಿಕೆಯಲ್ಲಿ ‘ಸಾಲ ಮಾಡಿಕೊಂಡು’ ಎಂದಿದೆಯೇ, ‘ಸಾಲವಾಗಿ’ ಎಂದಿದೆಯೇ ಎಂಬುದು ಬರಿಯ ಶೈಲಿಯ ವಿಷಯವೆಂದು ನಮಗನಿಸುವುದಿಲ್ಲ.

ಅರ್ಜಿಯ ಕನ್ನಡ

(7)ನ್ನು ಕಚೇರಿಯ ಎದುರಿನ ಅರ್ಜಿ ಬರೆಯುವವರ ಬಳಿ ಒಯ್ದರೆ ಹೊರಬರುವುದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಬೆಳೆ ಸಮೀಕ್ಷೆಯಲ್ಲಿ ಸದರಿ ಜಮೀನಿನಲ್ಲಿ ಗೋವಿನಜೋಳ ಬೆಳೆಯು ನಮೂದಾಗಿರುವುದಿಲ್ಲ. ಆದ್ದರಿಂದ ನಷ್ಟ ಉಂಟಾಗಿರುತ್ತದೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ‘ನಮೂದು ಮಾಡಿಲ್ಲ’ ಎಂಬುದು ‘ನಮೂದಾಗಿರುವುದಿಲ್ಲ’ ಆದಾಗ ನಮೂದಿಸಬೇಕಾದವರು ಮರೆಯಾದರು. ‘ಅಂತ’ ಹೋದದ್ದರಿಂದ ಹೊಲಕ್ಕೂ ದಾಖಲೆಗೂ ಇದ್ದ ಜಗಳ ಹೋಯಿತು. ದಾಖಲೆಯ ಒಂದು ಸ್ಥಿತಿ ಮಾತ್ರ ಉಳಿಯಿತು. ಓದುವ ಅಧಿಕಾರಿಗೆ ಈ ವಾಕ್ಯ ಅರ್ಜಿದಾರನೇ ತನ್ನ ವಿರುದ್ಧ ಕೊಟ್ಟ ಒಪ್ಪಿಗೆಯಂತೆ ಕಂಡರೆ ಆಶ್ಚರ್ಯವಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ದಶಕಗಳ ಕಾಲ ವಾದಿಸಿದರು. ಆ ವಾದವನ್ನು ಶಬ್ದಸಂಪತ್ತಿನ ಮಟ್ಟದಲ್ಲಿ ಒಪ್ಪದವರೂ ಅರ್ಜಿಯ ಈ ವಾಕ್ಯದ ಮುಂದೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅರ್ಜಿಯನ್ನು ಆಡುಮಾತಿನಲ್ಲಿ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಶಿಷ್ಟ ಕನ್ನಡದಲ್ಲೂ ‘ಎಂದು’ ಇದೆ. ‘ನನ್ನ ಜಮೀನಿನಲ್ಲಿ ಹತ್ತಿ ಇದೆಯೆಂದು ಸಮೀಕ್ಷೆ ಮಾಡಿದವರು ದಾಖಲಿಸಿದ್ದಾರೆ; ಇರುವುದು ಗೋವಿನಜೋಳ’ ಎಂಬ ವಾಕ್ಯದಲ್ಲಿ (7)ರ ಎರಡೂ ಅರಿವುಗಳು ಉಳಿಯುತ್ತವೆ, ಮಾಡಿದವರೂ ಉಳಿಯುತ್ತಾರೆ. ದಾಖಲಾದ ಬೆಳೆಯನ್ನು ರೈತರೇ ನೋಡಿ ಆಕ್ಷೇಪಣೆ ಸಲ್ಲಿಸಲು ಸರ್ಕಾರ ‘ಬೆಳೆ ದರ್ಶಕ್’ ಎಂಬ ಆ್ಯಪನ್ನೂ ಒದಗಿಸಿದೆ. ಆಕ್ಷೇಪಣೆಗೆ ಅವಧಿಯ ಮಿತಿಯಿದೆ. ಅರ್ಜಿಯ ಮೊದಲ ವಾಕ್ಯ ಹೇಗಿದೆ ಎಂಬುದು ಆ ಅವಧಿಯೊಳಗೇ ಮುಖ್ಯ.